ಸೆರಗಿನಿಂದ ಒರೆಸಿದ ಧೂಳು

ಸವಿತಾಳ ಕಾರಿನಲ್ಲಿ ಸಿಕ್ಕ ಕಪ್ಪು ಡಬ್ಬಿ ನನ್ನದು. ಅದನ್ನು ಅವಳ ಗಂಡ ಮಹಾಂತೇಶ ಇಟ್ಟಿರಲಿಲ್ಲ. ಅವನಿಗೆ ಅದರ ಸುಳಿವೂ ಇರಲಿಲ್ಲ. ಕಾರು ಎಲ್ಲಿಗೆ ಹೋಗುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ತೋರಿಸುವ ಆ ಯಂತ್ರದ ಇನ್ನೊಂದು ತುದಿ ಇದ್ದದ್ದು ನನ್ನ ಮೊಬೈಲಿನಲ್ಲಿ. ನೋಡುತ್ತಿದ್ದವಳು ನಾನು. ಅವನ ಮೇಲೆ ಅನುಮಾನ ಬಿದ್ದಾಗ ಸುಮ್ಮನಿದ್ದವಳೂ ನಾನು — ಸುಮ್ಮನಿದ್ದೆ ಎನ್ನುವುದೂ ಪೂರ್ತಿ ನಿಜವಲ್ಲ. ಆ ಮಾತಿಗೆ ಬರುತ್ತೇನೆ.

ಪತ್ರಿಕೆಯ ಕೆಲಸದಲ್ಲಿ ಕೂದಲು ಬೆಳ್ಳಗಾದವಳು ನಾನು. ಮುಖ್ಯ ವಿಷಯ ಮೊದಲ ಪ್ಯಾರಾದಲ್ಲೇ ಬರಬೇಕು, ಓದುಗ ಮುಂದಕ್ಕೆ ಓದದೇ ಹೋದರೂ ಅವನಿಗೆ ಸುದ್ದಿ ಸಿಕ್ಕಿರಬೇಕು ಎಂದು ಹೊಸಬರಿಗೆ ಹೇಳಿಕೊಟ್ಟವಳು. ಹಾಗಾಗಿ ಅದನ್ನು ಮೊದಲೇ ಹೇಳಿದ್ದೇನೆ. ಇಲ್ಲಿಗೇ ಓದು ನಿಲ್ಲಿಸುವವರಿಗೆ ಅಷ್ಟು ಸಾಕು. ಮಹಾಂತೇಶ ತಪ್ಪು ಮಾಡಿಲ್ಲ.

ಸವಿತಾ ನಮ್ಮ ಪತ್ರಿಕೆಗೆ ವರದಿಗಾರ್ತಿಯಾಗಿ ಬಂದದ್ದು ಗದಗದ ಕಡೆಯಿಂದ. ವಿಜಯನಗರದ ಒಂದು ಪಿಜಿಯಲ್ಲಿ ಇಳಿದುಕೊಂಡಿದ್ದಳು. ಮೊದಲ ದಿನ ನನ್ನ ಮೇಜಿನ ಮುಂದೆ ನಿಂತು, "ಅಕ್ಕಾರ, ನನಗ ಬೆಂಗಳೂರಿನ ಒಂದು ರಸ್ತೆನೂ ಗೊತ್ತಿಲ್ರೀ. ಕೇಳ್ಕೋತ ಹೋಗ್ತೀನಿ, ಬೇಸರ ಮಾಡ್ಕೋಬ್ಯಾಡ್ರಿ," ಎಂದಳು. ನಾನು ನಕ್ಕೆ. ಹುಟ್ಟಿದ್ದು ಬೆಳೆದದ್ದು ಎಲ್ಲ ಬಸವೇಶ್ವರನಗರದಲ್ಲೇ ಆದವಳು ನಾನು. ಪಶ್ಚಿಮ ಬೆಂಗಳೂರಿನ ಸೈಟು, ಪಾರ್ಕು, ಕೆರೆ, ರಾಜಕಾಲುವೆಗಳ ಸುದ್ದಿಯೆಲ್ಲ ನನ್ನದೇ ಬೀಟು. ರಸ್ತೆ ಗೊತ್ತಿಲ್ಲದ ಹುಡುಗಿ ಎಂದರೆ ನನಗೆ ಪ್ರೀತಿಯೇ ಬಂತು. ಅಪಾಯವಿಲ್ಲದವರ ಮೇಲೆ ಪ್ರೀತಿ ಸಲೀಸಾಗಿ ಬರುತ್ತದೆ — ಇದು ಆಮೇಲೆ ತಿಳಿದದ್ದು.

ನನ್ನ ಊಟದ ಡಬ್ಬಿಯಲ್ಲಿ ಅವಳಿಗೆ ಪಾಲು ಕೊಟ್ಟೆ. ಅಧಿಕಾರಿಗಳ ಎದುರು ಹೇಗೆ ಕೂರಬೇಕು, ಅವರು ಉತ್ತರ ಕೊಡದೆ ಚಹಾ ತರಿಸಿದಾಗ ಏನು ಮಾಡಬೇಕು ಎಂದು ಹೇಳಿಕೊಟ್ಟೆ. ಅವಳ ಮದುವೆಗೆ ಹೋಗಿ ಬಂದೆ. ಮಹಾಂತೇಶ ಅವಳ ಊರಿನ ಕಡೆಯವನೇ. ಪೀಣ್ಯದ ಒಂದು ಕಾರ್ಖಾನೆಯಲ್ಲಿ ತಯಾರಾದ ಬಿಡಿಭಾಗಗಳನ್ನು ಪರೀಕ್ಷಿಸುವ ಕೆಲಸ ಅವನದು. ಲಗ್ಗೆರೆಯಲ್ಲಿ ಮನೆ ಮಾಡಿದರು. ಅವನು ಮಿತಭಾಷಿ. ಒಂದೇ ದೌರ್ಬಲ್ಯ — ಹೆಂಡತಿ ತಡವಾದರೆ ಫೋನ್ ಮಾಡುತ್ತಲೇ ಇರುತ್ತಿದ್ದ. ಎಲ್ಲಿದ್ದಿ, ಊಟ ಆತೇನು, ಯಾರ ಗಾಡಿಯಾಗ ಬರ್ತಿ. ಸವಿತಾ ಕಚೇರಿಯಲ್ಲಿ ಎಲ್ಲರೆದುರು, "ನಮ್ಮ ಮನ್ಯಾಗ ಒಂದು ಕಂಟ್ರೋಲ್ ರೂಮ್ ಐತ್ರೀ," ಎಂದು ನಗಿಸುತ್ತಿದ್ದಳು. ನಾನೂ ನಗುತ್ತಿದ್ದೆ. ಆ ತಮಾಷೆ ನನ್ನ ತಲೆಯ ಯಾವುದೋ ಮೂಲೆಯಲ್ಲಿ ಉಳಿದುಕೊಂಡಿತ್ತು.

ತಡರಾತ್ರಿಯ ಪಾಳಿಗೆ ಅವಳಿಗೊಂದು ಕಾರು ಬೇಕಾಗಿತ್ತು. ನಾವು ಹೊಸದು ಕೊಂಡಿದ್ದೆವು. ಹಳೆಯ ಬೂದು ಬಣ್ಣದ ಪುಟ್ಟ ಕಾರನ್ನು ಅವಳಿಗೇ ಮಾರಿದೆ. ನಮ್ಮ ಬೀದಿಯ ಗಣೇಶನ ಗುಡಿಯ ಮುಂದೆ ನಿಲ್ಲಿಸಿ, ಬಾನೆಟ್ಟಿಗೆ ಅರಿಶಿನ ಕುಂಕುಮ ಹಚ್ಚಿ, ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟು ಕೀಲಿ ಕೊಟ್ಟೆ. ಅವಳು ರಸ್ತೆಯಲ್ಲೇ ಬಗ್ಗಿ ನನ್ನ ಕಾಲು ಮುಟ್ಟಿದಳು. "ಮನೆ ಮಗಳಿಗೆ ಕೊಟ್ಟ ಹಾಗೆ," ಎಂದು ನನ್ನ ಗಂಡ ಹೇಳಿದರು.

ಆ ಡಬ್ಬಿ ಹಾಕಿಸಿದ್ದವರು ಅವರೇ. ಒಂದು ಕಾಲದಲ್ಲಿ ನಮ್ಮ ಬೀದಿಯಲ್ಲಿ ನಿಲ್ಲಿಸಿದ್ದ ಕಾರೊಂದು ಕಳುವಾಗಿತ್ತು. ಅದಾದ ವಾರದಲ್ಲೇ ಅವರು ಸ್ಟೀರಿಂಗಿನ ಕೆಳಗೆ, ಪ್ಲಾಸ್ಟಿಕ್ಕಿನ ಮುಚ್ಚಳದ ಹಿಂದೆ, ಬೆಂಕಿಪೊಟ್ಟಣದಷ್ಟು ದೊಡ್ಡ ಈ ಯಂತ್ರವನ್ನು ಕೂರಿಸಿದ್ದರು. ಒಳಗೊಂದು ಸಿಮ್. ಕಾರು ಹೊರಟರೆ ಮೊಬೈಲಿಗೆ ಸಂದೇಶ, ನಕ್ಷೆಯ ಮೇಲೊಂದು ನೀಲಿ ಚುಕ್ಕೆ. ಕಾರು ಓಡಿಸುತ್ತಿದ್ದವಳು ನಾನಾದ್ದರಿಂದ ಆ್ಯಪ್ ನನ್ನ ಫೋನಿನಲ್ಲೇ ಇತ್ತು. ಕೀಲಿ ಕೊಡುವ ಹಿಂದಿನ ದಿನ ಅವರು ಕೇಳಿದ್ದರು.

"ಆ ಡಬ್ಬಿ ತೆಗೆಸಿದ್ಯೇನೇ?"

"ಹ್ಞೂಂ, ಆಯ್ತು."

ತೆಗೆಸಿರಲಿಲ್ಲ. ಮುಂದಿನ ವಾರ ತೆಗೆಸಿದರಾಯಿತು ಎಂದುಕೊಂಡಿದ್ದೆ. ಅಲ್ಲಿಯವರೆಗೆ ಅದು ಬರಿಯ ಸೋಮಾರಿತನ. ಆದರೆ ಮಾರಿದ ಮರುದಿನ ಬೆಳಿಗ್ಗೆ ತರಕಾರಿ ಹೆಚ್ಚುತ್ತಿದ್ದಾಗ ಫೋನ್ ಗುಂಯ್ ಎಂದಿತು. ಚುಕ್ಕೆ ಲಗ್ಗೆರೆಯಿಂದ ಹೊರಟಿತ್ತು. ಚಾಕು ಕೆಳಗಿಟ್ಟು ನೋಡಿದೆ. ಮೊದಲು ಅನ್ನಿಸಿದ್ದು ಒಂದು ಬಗೆಯ ಅಕ್ಕರೆ — ಹೊಸಬಳು, ಜೋಪಾನವಾಗಿ ಓಡಿಸಲಿ ಎಂದು. ರಾತ್ರಿ ಅವಳು ಮನೆ ಸೇರಿದ್ದನ್ನು ನೋಡಿಯೇ ಮಲಗುತ್ತಿದ್ದೆ. ಅದನ್ನು ಕಾಳಜಿ ಎಂದು ಕರೆದುಕೊಂಡೆ.

ಅಷ್ಟರಲ್ಲಿ ಅವಳ ಸುದ್ದಿ ಬಂತು.

ನಮ್ಮ ಬಡಾವಣೆಯಲ್ಲೇ, ನಾನು ಬೆಳಗಿನ ವಾಕಿಂಗಿಗೆ ಹೋಗುವ ದಾರಿಯ ಪಕ್ಕದಲ್ಲೇ, ಪಾರ್ಕಿಗೆಂದು ಬಿಟ್ಟಿದ್ದ ಜಾಗವನ್ನು ಯಾರೋ ಸೈಟುಗಳಾಗಿ ಹಂಚಿಕೊಂಡಿದ್ದರು. ತಂತಿ ಬೇಲಿ ಹಾಕಿದ್ದನ್ನು ನಾನು ವರ್ಷಗಳಿಂದ ನೋಡಿದ್ದೆ. ನೋಡಿ, ನಡೆದು ಹೋಗಿದ್ದೆ. ಅವಳು ನಿಂತು ಕೇಳಿದ್ದಳು. ಹಳೆಯ ನಕ್ಷೆ, ಹೊಸ ನಕ್ಷೆ ಎರಡನ್ನೂ ತಂದು ಪಕ್ಕಪಕ್ಕದಲ್ಲಿಟ್ಟು ಬರೆದಿದ್ದಳು. ಮೊದಲ ಪುಟ. ಅವಳ ಹೆಸರು. ಬೆಳಗಿನ ಮೀಟಿಂಗಿನಲ್ಲಿ ಸಂಪಾದಕರು ಪತ್ರಿಕೆ ಎತ್ತಿ ಹಿಡಿದು, "ಇದು ನಿಮ್ಮನೆ ಹಿತ್ತಲಲ್ಲೇ ಇತ್ತಲ್ರೀ ಮೇಡಂ!" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಎಲ್ಲರಿಗಿಂತ ಸ್ವಲ್ಪ ಹೆಚ್ಚೇ ನಕ್ಕೆ ಎಂದು ನೆನಪು.

ಸವಿತಾ ಊರಿಂದ ತರಿಸಿದ ಪೇಡದ ಪೊಟ್ಟಣ ಬಿಚ್ಚಿ, "ಮೊದಲ್ನೇದು ಅಕ್ಕಾರಿಗೆ," ಎಂದು ನನ್ನ ಬಾಯಿಗೇ ಇಟ್ಟಳು. ಅರ್ಧ ಜಗಿದು ನುಂಗಿದೆ. ನೀರು ಕುಡಿದೆ.

ಬೇರೆ ಯಾರೋ ವರದಿಗಾರ್ತಿಯಾಗಿದ್ದರೆ ನನಗೆ ಅಷ್ಟು ನೋಯುತ್ತಿರಲಿಲ್ಲವೇನೋ. ಅವಳು ಬಳಸಿದ ದಾರಿಯೆಲ್ಲ ನನ್ನದು. ನಾನು ಹೇಳಿಕೊಟ್ಟ ಪ್ರಶ್ನೆಗಳು. ನಾನು ಓಡಿಸಿದ ಕಾರು. ನನ್ನ ಸೀಟನ್ನು ಸ್ವಲ್ಪ ಮುಂದಕ್ಕೆ ಎಳೆದುಕೊಂಡು ಅವಳು ನನ್ನ ಬೀದಿಗೇ ಬಂದು ಹೋಗಿದ್ದಳು.

ಅದೇ ಸಂಜೆ ಆ್ಯಪ್ ಒಂದು ಸೂಚನೆ ತೋರಿಸಿತು — ಸೇವೆಯ ಅವಧಿ ಮುಗಿಯುತ್ತಿದೆ, ಮುಂದುವರಿಸಬೇಕೇ? ಸುಮ್ಮನಿದ್ದರೆ ಸಾಕಿತ್ತು. ಚುಕ್ಕೆ ತಾನಾಗಿಯೇ ಆರಿಹೋಗುತ್ತಿತ್ತು. ನಾನು ರೀಚಾರ್ಜ್ ಮಾಡಿದೆ. ಮರೆತಿದ್ದೆ ಎನ್ನುವ ಮಾತು ಅಲ್ಲಿಗೆ ಮುಗಿಯಿತು. ಬೆರಳು ನನ್ನದು, ಒತ್ತಿದ್ದು ನಾನು.

ನಮ್ಮ ವೃತ್ತಿಯಲ್ಲಿ ಯಾರೂ ಬರೆದಿಡದ ಒಂದು ನಿಯಮವಿದೆ. ಸಹೋದ್ಯೋಗಿಗೆ ಸುದ್ದಿ ಯಾರಿಂದ ಸಿಕ್ಕಿತು ಎಂದು ಕೇಳಬಾರದು. ಒಂದೇ ಮೇಜಿನಲ್ಲಿ ಉಣ್ಣುವವರೂ ಕೇಳುವುದಿಲ್ಲ. ಅದನ್ನೂ ಅವಳಿಗೆ ಹೇಳಿಕೊಟ್ಟವಳು ನಾನೇ. ನಾನು ಕೇಳಲಿಲ್ಲ. ನೋಡಿದೆ. ಚುಕ್ಕೆ ಕೆಂಗೇರಿಯ ಕಡೆ ಹೋದರೆ ಯಾವ ಕಚೇರಿ ಎಂದು ಲೆಕ್ಕ ಹಾಕಿದೆ. ರಾಜಾಜಿನಗರದಲ್ಲಿ ನಿಂತರೆ ಯಾವ ಇಂಜಿನಿಯರ್ ಆ ಬೀದಿಯಲ್ಲಿದ್ದಾನೆ ಎಂದು ನೆನಪು ಮಾಡಿಕೊಂಡೆ. ನನ್ನ ಸ್ವಂತ ವರದಿಗಳು ಸಪ್ಪೆಯಾದವು, ಏಕೆಂದರೆ ನಾನು ಹೊರಗೆ ಹೋಗುವುದೇ ಕಡಿಮೆಯಾಗಿತ್ತು. ಕುರ್ಚಿಯಲ್ಲಿ ಕೂತು ಅವಳ ತಿರುಗಾಟವನ್ನು ತಿರುಗುತ್ತಿದ್ದೆ. ಎದುರು ಮೇಜಿನಿಂದ ಅವಳು, "ಅಕ್ಕಾರ, ಚಾ?" ಎಂದು ಕೇಳಿದರೆ ಫೋನ್ ಮಗುಚಿ ಇಡುತ್ತಿದ್ದೆ.

ಗುರುವಾರ ಅವಳ ವಾರದ ರಜೆ. ಮನೆಯಲ್ಲಿ ಬಟ್ಟೆ ಒಗೆಯುತ್ತೇನೆ ಎನ್ನುತ್ತಿದ್ದಳು. ಆದರೆ ಪ್ರತಿ ಗುರುವಾರ ಚುಕ್ಕೆ ನಂದಿನಿ ಲೇಔಟಿನ ಒಂದು ಅಡ್ಡರಸ್ತೆಗೆ ಹೋಗಿ ಬಹಳ ಹೊತ್ತು ನಿಲ್ಲುತ್ತಿತ್ತು. ನಕ್ಷೆಯಲ್ಲಿ ಅದೊಂದು ಗೆರೆ ಮಾತ್ರ. ಬೀದಿಯ ಗುರುತು ಹತ್ತಲಿಲ್ಲ. ಇಲ್ಲೇ ಇದೆ ಅವಳ ಗುಟ್ಟು ಎಂದುಕೊಂಡೆ. ಯಾರೋ ಗುಮಾಸ್ತ, ಯಾರೋ ಸರ್ವೆಯವನು — ನಕ್ಷೆಗಳನ್ನು ಕೊಟ್ಟವನು. ಒಂದು ಗುರುವಾರ ಆಟೋ ಹಿಡಿದು ಹೋದೆ.

ಹೊಂಗೆ ಮರದ ನೆರಳಲ್ಲಿ ನನ್ನ — ಅವಳ — ಕಾರು ನಿಂತಿತ್ತು. ಅದರ ಎದುರಿನ ಗೇಟು ನೋಡಿದ ಕೂಡಲೇ ಬೀದಿ ಯಾವುದೆಂದು ತಿಳಿಯಿತು. ಅದು ರಂಗಸ್ವಾಮಿ ಸಾರ್ ಮನೆ.

ರಂಗಸ್ವಾಮಿ ಸಾರ್ ನಮ್ಮ ಪತ್ರಿಕೆಯಲ್ಲಿ ಮುಖ್ಯ ವರದಿಗಾರರಾಗಿದ್ದವರು. ನನ್ನನ್ನು ಬರೆಯಲು ಕೂರಿಸಿದವರು. ನಕ್ಷೆ ಓದುವುದನ್ನು, ಸರ್ವೆ ನಂಬರಿನ ಹಿಂದಿನ ಕಥೆ ಹುಡುಕುವುದನ್ನು ನನಗೆ ಕಲಿಸಿದವರು. ನಿವೃತ್ತರಾದ ಮೇಲೆ ಅವರಿಗೆ ಕಣ್ಣು ಮಂಜಾಗಿದೆ ಎಂದು ಕೇಳಿದ್ದೆ. ಹೋಗಬೇಕು, ಹೋಗಬೇಕು ಎಂದುಕೊಂಡೇ ಎಷ್ಟೋ ವರ್ಷ ಕಳೆದಿದ್ದೆ. ಜಗಲಿಯ ಮೇಲೆ ಅವರು ಕೂತಿದ್ದರು. ಪಕ್ಕದ ಕುರ್ಚಿಯಲ್ಲಿ ಸವಿತಾ ಪತ್ರಿಕೆ ಹಿಡಿದು ಗಟ್ಟಿಯಾಗಿ ಓದುತ್ತಿದ್ದಳು. ಅವರು ಮಧ್ಯೆ ಕೈಯೆತ್ತಿ ಏನೋ ಹೇಳಿದರು. ಅವಳು ತಿರುಗಿ ಏನೋ ಅಂದಳು. ಅವರು ತಲೆ ಹಿಂದಕ್ಕೆ ಹಾಕಿ ನಕ್ಕರು.

ಆ ನಗು ನನಗೆ ಗೊತ್ತು. ನನ್ನ ಇಪ್ಪತ್ತರ ಹರೆಯದಲ್ಲಿ ಆ ನಗು ತರಿಸಲು ನಾನು ಪಟ್ಟ ಪಾಡು ನನಗೆ ಗೊತ್ತು.

"ಮೇಡಂ, ಇಳೀತೀರಾ ಇಲ್ವಾ?" ಎಂದ ಆಟೋದವನು.

"ಇಲ್ಲ. ವಾಪಸ್ ನಡೀರಿ."

"ಬಂದಿದ್ದೇ ವಾಪಸ್ ಹೋಗಕ್ಕಾ?" ಎಂದು ಗೊಣಗುತ್ತಾ ತಿರುಗಿಸಿದ.

ಗುಮಾಸ್ತನ ಮನೆಯಾಗಿದ್ದರೆ ನನ್ನ ಹೊಟ್ಟೆಯ ಉರಿ ಅಂದೇ ತಣ್ಣಗಾಗುತ್ತಿತ್ತೋ ಏನೋ. ಸುದ್ದಿಯನ್ನು ಅವಳು ಕದ್ದಿರಲಿಲ್ಲ, ಯಾರಿಂದಲೂ ಕೊಂಡಿರಲಿಲ್ಲ. ನಾನು ಬಿಟ್ಟುಹೋದ ಕುರ್ಚಿಯಲ್ಲಿ ಕೂತು ಕಲಿತಿದ್ದಳು. ಅದಕ್ಕೆ ಏನೆಂದು ಬೈಯಲಿ? ಬೈಯಲು ಏನೂ ಸಿಗದ ಅಸೂಯೆ ಬಹಳ ಕೆಟ್ಟದ್ದು. ಅದು ಸುಮ್ಮನೆ ಒಳಗೆ ಕೂತು ಕಾಯುತ್ತದೆ.

ಆಮೇಲೆ ಕಾರಿನ ಬ್ಯಾಟರಿ ಕೈಕೊಡಲು ಶುರುವಾಯಿತು. ನಿಲ್ಲಿಸಿಟ್ಟು ಊರಿಗೆ ಹೋಗಿ ಬರುವಷ್ಟರಲ್ಲಿ ಕಾರು ಸ್ಟಾರ್ಟೇ ಆಗುವುದಿಲ್ಲ ಎಂದು ಸವಿತಾ ಹೇಳಿದಳು. ಹಿಂದಿನ ತಿಂಗಳಷ್ಟೇ ಮಹಾಂತೇಶ ಸರ್ವೀಸ್ ಮಾಡಿಸಿಕೊಂಡು ಬಂದಿದ್ದ. ಬ್ಯಾಟರಿಯೂ ಹೊಸದು. "ನಿಮಗ ಗೊತ್ತಿರೋ ಎಲೆಕ್ಟ್ರೀಷಿಯನ್ ಇದ್ರ ತೋರಿಸ್ರಿ ಅಕ್ಕಾರ." ಅದು ಆ ಡಬ್ಬಿಯ ಕೆಲಸ ಎಂದು ನನಗೆ ಆ ಕ್ಷಣವೇ ಗೊತ್ತಾಯಿತು. ಆದರೂ ಕರೆದುಕೊಂಡು ಹೋದೆ. ಹೋಗದಿದ್ದರೆ ಬೇರೆ ಯಾರೋ ತೆಗೆಯುತ್ತಾರೆ, ಆಗ ನಾನು ಪಕ್ಕದಲ್ಲಿರುವುದಿಲ್ಲ — ಈ ಲೆಕ್ಕ ಮನಸ್ಸಿನಲ್ಲಿ ಎಷ್ಟು ತಣ್ಣಗೆ ಓಡಿತು ಎಂದು ನೆನೆದರೆ ಇವತ್ತಿಗೂ ಹೆದರಿಕೆಯಾಗುತ್ತದೆ.

ಕಾಮಾಕ್ಷಿಪಾಳ್ಯದಲ್ಲಿ ಮಾಗಡಿ ರಸ್ತೆಯಿಂದ ಒಳಕ್ಕೆ ಇರ್ಫಾನ್ ಎಂಬವರ ಸಣ್ಣ ಅಂಗಡಿ. ಮಟಮಟ ಮಧ್ಯಾಹ್ನ. ಪಕ್ಕದ ಗಾರ್ಮೆಂಟ್ಸಿನಿಂದ ಊಟಕ್ಕೆ ಬಿಟ್ಟ ಹೆಂಗಸರು ಗುಂಪುಗುಂಪಾಗಿ ಹೋಗುತ್ತಿದ್ದರು. ಇರ್ಫಾನ್ ಬಾನೆಟ್ ತೆರೆದು ತಂತಿಗೆ ಮೀಟರ್ ಹಿಡಿದು ನೋಡಿದರು.

"ಬ್ಯಾಟರಿ ಚೆನ್ನಾಗೈತೆ ಮೇಡಂ. ಗಾಡಿ ಆಫ್ ಇದ್ರೂ ಒಳಗೆ ಯಾರೋ ಕೂತ್ಕೊಂಡು ಕರೆಂಟ್ ಕುಡೀತಾವ್ರೆ."

"ದೆವ್ವ ಗಿವ್ವ ಐತೇನ್ರೀ?" ಎಂದಳು ಸವಿತಾ.

"ದೆವ್ವ ಆದ್ರೆ ಪೆಟ್ರೋಲ್ ಕುಡೀತಿತ್ತು, ಕರೆಂಟ್ ಯಾಕೆ?" ಎಂದು ಅವರು ನಗುತ್ತಾ ಸ್ಟೀರಿಂಗಿನ ಕೆಳಗೆ ಮಲಗಿ ಮುಚ್ಚಳ ಬಿಚ್ಚಿದರು. ಸ್ವಲ್ಪ ಹೊತ್ತು ತಡಕಾಡಿದರು. ಒಂದು ತಂತಿ ಕತ್ತರಿಸಿದ ಸದ್ದು. ಟೇಪ್ ಸುತ್ತಿದ ಡಬ್ಬಿಯನ್ನು ಎಳೆದು, ಹತ್ತಿರ ನಿಂತಿದ್ದ ನನ್ನ ಕೈಗೆ ಕೊಟ್ಟರು. "ಇದೇ ನೋಡಿ ದೆವ್ವ. ಗಾಡಿ ಎಲ್ಲಿದೆ ಅಂತ ತೋರ್ಸೋದು. ಹಳೇ ಓನರ್ ಹಾಕ್ಸಿರ್ತಾರೆ ಬಿಡಿ," ಎಂದವರೇ ತಂತಿಯ ತುದಿ ಮುಚ್ಚಲು ಮತ್ತೆ ಒಳಗೆ ತೂರಿದರು.

ಸವಿತಾ ಜೋರಾಗಿ ನಕ್ಕಳು. "ಹಳೇ ಓನರ್ ಇವ್ರೇ ರೀ! ನಮ್ಮ ಅಕ್ಕಾರು!" ಬಾಗಿಲ ಬಳಿಯಿಂದ ನನ್ನ ಕಡೆ ಬಂದಳು. "ಅಕ್ಕಾರ, ನಿಮ್ಮ ಕಾಲದಾಗ ಇತ್ತೇನ್ರೀ ಇದು?"

ಡಬ್ಬಿಯ ಮೇಲೆ ಧೂಳಿತ್ತು. ದಪ್ಪಗೆ, ಬೂದಿಯಂಥ ಧೂಳು. ಒಂದು ತಿಂಗಳಲ್ಲಿ ಕೂರುವ ಧೂಳಲ್ಲ ಅದು. ವರ್ಷಗಳದು. ಯಾರು ನೋಡಿದರೂ ಹೇಳುತ್ತಿದ್ದರು. ಅವಳು ಬಂದು ತಲುಪುವುದರೊಳಗೆ ನಾನು ಅದನ್ನು ಸೆರಗಿನಿಂದ ಒರೆಸಿದೆ. ಕೊಳೆಯಾದ ಮಗುವಿನ ಮುಖ ಒರೆಸಿದಷ್ಟು ಸಹಜವಾಗಿ ಒರೆಸಿದೆ. ಒರೆಸಿ ಅವಳ ಕೈಯಲ್ಲಿಟ್ಟು, ಅವಳ ಪ್ರಶ್ನೆಗೆ ಉತ್ತರ ಕೊಡದೆ, ಇನ್ನೊಂದು ಪ್ರಶ್ನೆ ಕೇಳಿದೆ.

"ಕಾರನ್ನ ಮೊನ್ನೆ ಸರ್ವೀಸಿಗೆ ತಗೊಂಡು ಹೋಗಿದ್ದು ಯಾರು?"

ಇಷ್ಟೇ. ಇಷ್ಟೇ ನಾನು ಹೇಳಿದ್ದು. ಹೌದು ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ, ಮಹಾಂತೇಶನ ಹೆಸರು ಎತ್ತಲಿಲ್ಲ. ಆಧಾರವಿಲ್ಲದ ಮಾತನ್ನು ಪ್ರಶ್ನೆಯ ರೂಪದಲ್ಲಿ ಅಚ್ಚು ಹಾಕಿ ಕೈತೊಳೆದುಕೊಳ್ಳುವ ಚಾಳಿ ನಮ್ಮ ಕಸುಬಿನಲ್ಲಿದೆ. ಓದುಗನೇ ಉಳಿದದ್ದನ್ನು ತುಂಬಿಕೊಳ್ಳುತ್ತಾನೆ. ಸವಿತಾ ತುಂಬಿಕೊಂಡಳು. ಮುಖದಲ್ಲಿದ್ದ ನಗು ಒಂದೇ ಸಲಕ್ಕೆ ಹೋಗಲಿಲ್ಲ — ತುಟಿಯ ಮೇಲೆ ಸ್ವಲ್ಪ ಹೊತ್ತು ಹಾಗೇ ಇತ್ತು, ಕಣ್ಣು ಮಾತ್ರ ಬೇರೆಯಾಯಿತು. ಕಂಟ್ರೋಲ್ ರೂಮಿನ ತಮಾಷೆ ಅವಳಿಗೂ ನೆನಪಾಗಿರಬೇಕು.

ನನಗೆ ಆ ಕ್ಷಣ ಏನನ್ನಿಸಿತು ಎಂದು ಬರೆಯಲೇಬೇಕು. ಹೆದರಿಕೆ ಇತ್ತು, ನಿಜ. ಅದರ ಅಡಿಯಲ್ಲಿ ಸಣ್ಣದೊಂದು ತೃಪ್ತಿಯೂ ಇತ್ತು. ಎಲ್ಲ ಇರುವವಳಿಗೆ ಒಂದಾದರೂ ಇಲ್ಲವಾಗಲಿ ಎಂಬ ತೃಪ್ತಿ.

ಆಮೇಲಿನದನ್ನು ಚಿಕ್ಕದಾಗಿ ಹೇಳುತ್ತೇನೆ, ಆದರೆ ಏನನ್ನೂ ಬಿಡುವುದಿಲ್ಲ. ಪೊಲೀಸರಿಗೆ ಕೊಟ್ಟು ಸಿಮ್ ಯಾರ ಹೆಸರಿನಲ್ಲಿದೆ ಎಂದು ತೆಗೆಸೋಣವೇ ಎಂದು ಅವಳು ಕೇಳಿದಳು. "ಮನೆ ವಿಷಯ, ಬೀದಿಗೆ ಬರುತ್ತೆ. ನನಗೆ ಬಿಡು, ಗೊತ್ತಿರೋರ ಹತ್ರ ವಿಚಾರಿಸ್ತೀನಿ," ಎಂದೆ. ಯಾರನ್ನೂ ವಿಚಾರಿಸಲಿಲ್ಲ. ಕೆಲವು ದಿನ ಬಿಟ್ಟು, "ಏನೂ ಗೊತ್ತಾಗ್ಲಿಲ್ಲ ಕಣೇ," ಎಂದೆ. ಇದು ಪ್ರಶ್ನೆಯಲ್ಲ. ಶುದ್ಧ ಸುಳ್ಳು. ಡಬ್ಬಿ ಮನೆಯಲ್ಲಿಟ್ಟುಕೊಳ್ಳಲು ಮನಸ್ಸಾಗುವುದಿಲ್ಲ ಎಂದು ಅವಳು ಅದನ್ನು ನನಗೇ ಕೊಟ್ಟಳು. ನನ್ನ ಮೇಜಿನ ಡ್ರಾಯರಿಗೆ ಹಾಕಿದೆ. ಆ್ಯಪ್ ಅಳಿಸಿದೆ.

ಮಹಾಂತೇಶ ನನಗೆ ಫೋನ್ ಮಾಡಿದ. "ಅಕ್ಕಾರ, ನೀವರ ಹೇಳ್ರೀ ಅಕಿಗೆ. ನಾ ಫೋನ್ ಮಾಡಿ ಕೇಳಾಂವ, ಖರೇ. ಕದ್ದು ನೋಡಾಂವ ಅಲ್ರೀ." ನಾನು, "ಸ್ವಲ್ಪ ದಿನ ಸಮಾಧಾನವಾಗಿರಿ ಮಹಾಂತೇಶ," ಎಂದೆ. ಅವನು ಆಣೆ ಮಾಡಿದಷ್ಟೂ ಸವಿತಾಳಿಗೆ ಅನುಮಾನ ಬಲಿಯಿತು. ಮಾಡದವನು ಇಷ್ಟೇಕೆ ಆಣೆ ಮಾಡುತ್ತಾನೆ ಎಂದು ಅವಳು ನನ್ನನ್ನೇ ಕೇಳಿದಳು. ಲಗ್ಗೆರೆಯ ಮನೆ ಬಿಟ್ಟು ಕೆಂಗೇರಿಯಲ್ಲಿ ಒಂದು ಕೋಣೆ ಹಿಡಿದಳು. ತಾನು ಹೋದ ಜಾಗವೆಲ್ಲ ಇನ್ನೊಬ್ಬರಿಗೆ ತಿಳಿದಿದೆ, ತನ್ನಿಂದ ಸುದ್ದಿ ಕೊಡುವವರಿಗೆ ತೊಂದರೆಯಾಗಬಾರದು ಎಂದು ಅಂಥ ಕಡೆಗೆಲ್ಲ ಹೋಗುವುದನ್ನೇ ನಿಲ್ಲಿಸಿದಳು. ನಂದಿನಿ ಲೇಔಟಿಗೂ.

ಆ ಕುರ್ಚಿ ಖಾಲಿಯಾಯಿತು. ನಾನು ಹೋಗಿ ಕೂತೆ.

ಹೌದು, ಅದನ್ನೂ ಮಾಡಿದೆ. ಒಂದು ಗುರುವಾರ ಹಣ್ಣು ಹಿಡಿದುಕೊಂಡು ಹೋದೆ. ರಂಗಸ್ವಾಮಿ ಸಾರ್ ನನ್ನ ದನಿಯಿಂದಲೇ ಗುರುತು ಹಿಡಿದು ಕೈ ಚಾಚಿದರು. ಪತ್ರಿಕೆ ಓದಿದೆ. ಮುಂದಿನ ಗುರುವಾರವೂ ಹೋದೆ. ಪ್ರತಿ ಸಲವೂ ಅವರು ಅರ್ಧದಲ್ಲಿ ತಡೆದು ಕೇಳುತ್ತಿದ್ದರು. "ಆ ಗದಗದ ಹುಡುಗಿ ಯಾಕಮ್ಮ ಬರ್ತಿಲ್ಲ? ನಾನೇನಾದ್ರೂ ಅಂದ್ನಾ?"

"ಕೆಲಸ ಜಾಸ್ತಿ ಸಾರ್."

"ಬಂದಾಗೆಲ್ಲ ನಿನ್ನ ವಿಷಯ ತೆಗೀತಿದ್ಳು ಕಣಮ್ಮ. ಅಕ್ಕಾರು ಹೊಸದ್ರಲ್ಲಿ ಹೆಂಗಿದ್ರು, ಹೆದರ್ತಿದ್ರಾ, ಬಯ್ಸ್ಕೋತಿದ್ರಾ ಅಂತ. ನಿಂದೊಂದೊಂದು ಕಥೆ ಹೇಳಿ ಹೇಳಿ ನನಗೇ ಸಾಕಾಯ್ತು." ಹೇಳಿ ಅದೇ ನಗು ನಕ್ಕರು.

ಅಲ್ಲಿ ನನಗೆ ನಾಚಿಕೆಯಾಗಬೇಕಿತ್ತು. ಆಗಲಿಲ್ಲ — ಮೊದಲು ಬಂದದ್ದು ಮತ್ತೆ ಅದೇ ಉರಿ. ಕುರ್ಚಿಯಲ್ಲಿ ಕೂತಿರುವವಳು ನಾನು, ಅವರು ಕಾಯುತ್ತಿರುವುದು ಅವಳಿಗೆ. ಆ ನಗು ನನ್ನ ಕಥೆಗೆ ಬಂದದ್ದಲ್ಲ, ಅವಳು ಕೇಳಿದ್ದಕ್ಕೆ ಬಂದದ್ದು. ಅವಳನ್ನು ಅಲ್ಲಿಂದ ಎಬ್ಬಿಸಿದ್ದೇನೆ, ಅವಳು ಎದ್ದಿಲ್ಲ. ನಾಚಿಕೆ ಬಂದದ್ದು ಮನೆಗೆ ಬರುವ ದಾರಿಯಲ್ಲಿ, ಬಸ್ಸಿನಲ್ಲಿ, ಯಾರೋ ಪಕ್ಕದವರು "ಮೇಡಂ, ಹುಷಾರಿಲ್ವಾ?" ಎಂದು ಕೇಳಿದ ಮೇಲೆ.

ಆದರೂ ಹೇಳಲಿಲ್ಲ. ಒಂದು ಬೇಸಿಗೆ ಕಳೆಯಿತು, ಒಂದು ಮಳೆಗಾಲ ಕಳೆಯಿತು. ದಿನ ಹೋದಂತೆ ಹೇಳುವುದು ಕಷ್ಟವಾಯಿತು, ಹೇಳದೇ ಇರುವುದು ಅಭ್ಯಾಸವಾಯಿತು. ಇದಕ್ಕೆ ನನ್ನಲ್ಲಿ ಬೇರೆ ಕಾರಣವಿಲ್ಲ.

ಕೊನೆಗೆ ಸವಿತಾಳೇ ನನ್ನ ಮುಂದೆ ಬಂದು ನಿಂತಳು. ಬೇರೆಯಾಗುವುದೆಂದು ನಿರ್ಧಾರವಾಗಿತ್ತು. ಕೋರ್ಟಿಗೆ ಹೋಗುವ ಮೊದಲು ಎರಡೂ ಕಡೆಯ ಹಿರಿಯರು ಕೂತು ಮಾತಾಡುವುದು ಅವರಲ್ಲಿ ಪದ್ಧತಿ. ಊರಿಂದ ಅವರೆಲ್ಲ ಬರುವ ಭಾನುವಾರ ಕೆಂಗೇರಿಗೆ ಬರುವವರಿದ್ದರು.

"ನನ್ನ ಕಡಿಂದ ಹಿರೇರು ಅಂತ ನೀವು ಕೂಡ್ರಬೇಕ್ರೀ. ನಮ್ಮವ್ವಗ ನನ್ನ ಮಾತಿನ ಮ್ಯಾಲೆ ನಂಬಿಕಿ ಇಲ್ಲ. 'ಅಂವ ಅಂಥಾಂವ ಅಲ್ಲ' ಅಂತಾಳ. ನೀವು ಹೇಳಿದ್ರ ನಂಬ್ತಾಳ. ನೀವು ಕಣ್ಣಾರೆ ನೋಡೀರಲ್ಲ. ಆ ಡಬ್ಬಿ ಅಷ್ಟು ಮರೀದ ತೊಗೊಂಡ್ ಬರ್ರಿ."

ಹಿರಿಯರು. ಕಣ್ಣಾರೆ ನೋಡಿದವರು. ನಾನು ಆ ಡಬ್ಬಿಯನ್ನು ಜನರ ಮಧ್ಯೆ ಇಟ್ಟು, ಆ ಹುಡುಗನ ಎದುರು ಸಾಕ್ಷಿ ಹೇಳಬೇಕಿತ್ತು. ನಾನು ಸುಮ್ಮನೆ ತಲೆಯಾಡಿಸಿದ್ದರೆ ಸಾಕು, ಒಂದು ಮದುವೆ ಮುಗಿಯುತ್ತಿತ್ತು.

ಮರುದಿನ ಬೆಳಿಗ್ಗೆ ಕೆಂಗೇರಿಯ ಅವಳ ಕೋಣೆಗೆ ಹೋದೆ. ಒಲೆಯ ಮೇಲೆ ಚಹಾ ಇಟ್ಟಿದ್ದಳು. ಕೂಡ್ರಿ ಎಂದಳು, ಕೂರಲಿಲ್ಲ. ಡಬ್ಬಿಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ನಿಂತೇ ಹೇಳಿದೆ. ನನ್ನ ಗಂಡ ಹಾಕಿಸಿದ್ದು, ನಾನು ತೆಗೆಸದೆ ಮಾರಿದ್ದು, ನೋಡಿದ್ದು, ನಂದಿನಿ ಲೇಔಟಿಗೆ ಹೋಗಿದ್ದು, ಸೆರಗಿನಿಂದ ಒರೆಸಿದ್ದು, ಸಿಮ್ಮಿನ ಸುಳ್ಳು. ಸುದ್ದಿ ಓದಿದ ಹಾಗೆ ಹೇಳಿದೆ. ಅಳಲಿಲ್ಲ. ಅತ್ತರೆ ಅವಳು ಸಮಾಧಾನ ಮಾಡಬೇಕಾಗುತ್ತಿತ್ತು.

ಚಹಾ ಉಕ್ಕಿತು. ಅವಳು ಒಲೆ ಆರಿಸಿದಳು. ಉಕ್ಕಿದ್ದನ್ನು ಬಟ್ಟೆಯಿಂದ ಒರೆಸಿದಳು. ಬೈಯುತ್ತಾಳೆ ಎಂದು ಕಾದೆ. ಅವಳು ತಿರುಗಿ ಕೇಳಿದ್ದು ಒಂದೇ ಪ್ರಶ್ನೆ. ಒಳ್ಳೆಯ ವರದಿಗಾರ್ತಿ ಕೇಳುವ ಪ್ರಶ್ನೆ.

"ನಡುವ ಅದಕ್ಕ ರೀಚಾರ್ಜ್ ಮಾಡಿರಬೇಕಲ್ಲ. ಯಾವಾಗ ಮಾಡಿದ್ರಿ?"

"ಪಾರ್ಕಿನ ಸುದ್ದಿ ಬಂದ ದಿನ. ಸಂಜೆ."

"ಪೇಡ ತಿಂದ ಮ್ಯಾಲ."

"ಹ್ಞೂಂ."

ಅವಳು ಬಾಗಿಲು ತೆರೆದು ಹಿಡಿದಳು. "ಅವ್ರಿಗೆ ನೀವೇ ಹೇಳ್ರಿ. ಈಗ, ಇಲ್ಲೇ ಕೆಳಗ ನಿಂತು ಹೇಳ್ರಿ. ನಾ ಯಾವ ಬಾಯಿಲೆ ಹೇಳ್ಲಿ."

ಮೆಟ್ಟಿಲು ಇಳಿದು ಗೇಟಿನ ಹೊರಗೆ ನಿಂತು ಮಹಾಂತೇಶನ ನಂಬರ್ ಒತ್ತಿದೆ. ಪಕ್ಕದಲ್ಲೇ ಬೂದು ಕಾರು ನಿಂತಿತ್ತು. ಅವನ ಹಿಂದೆ ಕಾರ್ಖಾನೆಯ ಸದ್ದು ಕೇಳುತ್ತಿತ್ತು. ಇಷ್ಟು ತಿಂಗಳ ಮೇಲೆ ನನ್ನ ಫೋನು, ಅದೂ ಬೆಳಿಗ್ಗೆ. ನಾನು ಬಾಯಿ ತೆರೆಯುವ ಮೊದಲೇ ಅವನು ಗಾಬರಿಯಲ್ಲಿ ಕೇಳಿದ.

"ಅಕ್ಕಾರ, ಸವಿತಾ ಆರಾಮ ಅದಾಳಲ್ರೀ?"

ನನ್ನನ್ನು ಯಾರಾದರೂ ಹೀಗೆ ಕೇಳಿದ್ದಾರೆಯೇ ಎಂದು — ಅಂಥ ಹೊತ್ತಿನಲ್ಲೂ — ಮನಸ್ಸು ಒಂದು ಕ್ಷಣ ಲೆಕ್ಕ ಹಾಕಿತು. ಅದನ್ನೂ ಇಲ್ಲಿ ಬರೆಯುತ್ತಿದ್ದೇನೆ, ಏಕೆಂದರೆ ಅದೂ ನಡೆದದ್ದು.

"ಆರಾಮವಾಗಿದ್ದಾಳೆ ಮಹಾಂತೇಶ. ಕಾರಲ್ಲಿ ಸಿಕ್ಕಿದ ಡಬ್ಬಿ ನಂದು. ನಾನೇ ನೋಡ್ತಿದ್ದೆ. ನಿಮ್ಮ ಮೇಲೆ ಅನುಮಾನ ಬರೋ ಹಾಗೆ ಮಾಡಿದ್ದೂ ನಾನೇ."

ಯಂತ್ರದ ಸದ್ದು ಮಾತ್ರ. ಆಮೇಲೆ ಅವನು ಎಲ್ಲೋ ಹೊರಗೆ ನಡೆದು ಬಂದಿರಬೇಕು, ಸದ್ದು ಕಡಿಮೆಯಾಯಿತು. ಅವನ ಉಸಿರು ಕೇಳಿತು. "ಅಕಿಗೆ ಗೊತ್ತಾತೇನ್ರೀ?" ಎಂದ. ಆಯಿತು ಎಂದೆ. ಫೋನ್ ಇಟ್ಟ.

ಭಾನುವಾರ ನಾನು ಹೋದೆ. ಹಿರಿಯಳಾಗಿ ಅಲ್ಲ. ಎರಡೂ ಮನೆಯವರ ಮುಂದೆ ಡಬ್ಬಿ ಇಟ್ಟು ಅದೇ ಮಾತನ್ನು ಮತ್ತೆ ಹೇಳಿದೆ. ಸವಿತಾಳ ತಾಯಿ ನನ್ನನ್ನೇ ನೋಡುತ್ತಿದ್ದರು. "ಕಲ್ತವ್ರು ನೀವು," ಎಂದಷ್ಟೇ ಅಂದರು. ಎದ್ದು ಬಂದೆ. ಒಳಗೆ ಮುಂದೇನು ಮಾತಾಯಿತೋ ಕೇಳಿಸಿಕೊಳ್ಳಲಿಲ್ಲ.

ಈಗ ನಾನು ಆ ಕಚೇರಿಯಲ್ಲಿಲ್ಲ. ಇದನ್ನು ಬರೆಯುತ್ತೇನೆ ಎಂದು ಸವಿತಾಳಿಗೆ ಒಂದು ಸಂದೇಶ ಕಳಿಸಿದ್ದೆ. ಮರುದಿನ ಉತ್ತರ ಬಂತು. "ಬರೀರಿ. ನಮ್ಮ ಹೆಸರು ಬ್ಯಾಡ. ನಿಮ್ಮ ಹೆಸರು ಹಾಕ್ರಿ." ಹಾಗೆಯೇ, ಇದನ್ನು ನನ್ನ ಹೆಸರಿನಲ್ಲೇ ಅಚ್ಚಿಗೆ ಕಳಿಸುತ್ತಿದ್ದೇನೆ. ಉಳಿದವರ ಹೆಸರು ಬದಲಿಸಿದ್ದೇನೆ. ರಂಗಸ್ವಾಮಿ ಸಾರ್‌ಗೆ ಎಲ್ಲವನ್ನೂ ನಾನೇ ಹೇಳಿದೆ. ಅವರು ಪತ್ರಿಕೆ ಓದು ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ನಾನೇ ಗುರುವಾರಗಳನ್ನು ಬಿಟ್ಟುಕೊಟ್ಟೆ.

ಅವಳು ಮತ್ತೆ ಅಲ್ಲಿಗೆ ಹೋಗುತ್ತಾಳೋ, ಅವರಿಬ್ಬರೂ ಲಗ್ಗೆರೆಯ ಮನೆಗೆ ಮರಳಿದರೋ ನಾನು ಯಾರನ್ನೂ ಕೇಳಿಲ್ಲ. ಕೇಳಿದರೆ ಹೇಳುವವರಿದ್ದಾರೆ. ಸಂಜೆಯ ಹೊತ್ತು ಈಗಲೂ ಕೈ ತಾನಾಗಿ ಫೋನಿನ ಕಡೆ ಹೋಗುತ್ತದೆ. ತೆಗೆದು ಮತ್ತೆ ಇಡುತ್ತೇನೆ. ಆ ಬೂದು ಕಾರು ಈ ಹೊತ್ತಿನಲ್ಲಿ ಎಲ್ಲಿದೆಯೋ, ನನಗೆ ಗೊತ್ತಿಲ್ಲ.